ಕಾಯಿಲೆಯ ರಜೆಯೂ ನ್ಯಾಯವೂ

ಹತ್ತು ಜನರು ಕೂಡಿ ಕೆಲಸಮಾಡುವ ಸ್ಥಳದಲ್ಲಿ ಒಬ್ಬನು ಕಾಯಿಲೆ ಬಿದ್ದನೆಂದರೆ ಎರಡು ಬಗೆಯ ದುಃಖಗಳು ಹುಟ್ಟುತ್ತವೆ. ಒಂದು, ಮಲಗಿದವನ ನೋವು. ಇದನ್ನು ಲೋಕವು ಬಲ್ಲದು, ಕನಿಕರವನ್ನೂ ತೋರುತ್ತದೆ. ಮತ್ತೊಂದು, ಅವನ ಪಾಲಿನ ಕೆಲಸವನ್ನು ತನ್ನ ಕೆಲಸದ ಮೇಲೆ ಹೊತ್ತುಕೊಂಡವನ ಬೇಸರ. ಇದನ್ನು ಬಾಯಿಬಿಟ್ಟು ಹೇಳಿದವನು ಕಟುಕನೆನಿಸುತ್ತಾನೆ. ಹೇಳದವನು ಒಳಗೇ ಕುದಿಯುತ್ತಾನೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನಾನು ಈ ಎರಡು ದುಃಖಗಳನ್ನೂ ಉಂಡವನು. ಒಮ್ಮೆ ಇವುಗಳ ನಡುವೆ ತೀರ್ಪು ಕೊಡುವ ಸ್ಥಾನದಲ್ಲಿ ಕುಳಿತು ತಪ್ಪನ್ನೂ ಮಾಡಿದವನು. ಆದುದರಿಂದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಧೈರ್ಯಮಾಡಿದ್ದೇನೆ.

ಕಾಯಿಲೆ ಬಿದ್ದ ಕೆಲಸಗಾರನ ವಿಚಾರವು ಹೊಸದೇನೂ ಅಲ್ಲ. ರೋಗವಿಲ್ಲದೆ ದರ್ಪದಿಂದ ಕೆಲಸ ಬಿಟ್ಟವನಿಗೆ ಮನುಸ್ಮೃತಿಯ ಎಂಟನೆಯ ಅಧ್ಯಾಯವು ದಂಡವನ್ನು ವಿಧಿಸುತ್ತದೆ. ರೋಗದಿಂದ ಬಿಟ್ಟವನು ಗುಣಹೊಂದಿ ಮಾತಿನಂತೆ ಕೆಲಸವನ್ನು ಮಾಡಿಕೊಟ್ಟರೆ, ಎಷ್ಟು ಕಾಲ ಕಳೆದಿದ್ದರೂ ಅವನಿಗೆ ಕೂಲಿ ಸಲ್ಲಬೇಕೆನ್ನುತ್ತದೆ. ಆದರೆ ಕೆಲಸವು ಪೂರ್ತಿಯಾಗದಿದ್ದರೆ, ರೋಗಿಯಾಗಲಿ ನಿರೋಗಿಯಾಗಲಿ, ಸ್ವಲ್ಪ ಕೊರತೆಗೂ ಕೂಲಿಯಿಲ್ಲವೆಂದು ಅದೇ ಸ್ಮೃತಿಯು ಕೈಬಿಗಿಯುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ವ್ಯಾಧಿ ಅಥವಾ ಆಪತ್ತು ಒದಗಿದ ಕೆಲಸಗಾರನು ಒಪ್ಪಂದದಿಂದ ಹಿಂತೆಗೆಯಬಹುದು, ಇಲ್ಲವೆ ಮತ್ತೊಬ್ಬನಿಂದ ಕೆಲಸ ಮಾಡಿಸಬಹುದು ಎಂಬ ವಿಧಿಯಿದೆ. ಈ ಶಾಸ್ತ್ರಕಾರರು ಎರಡು ಲೆಕ್ಕಗಳನ್ನೂ ಕಂಡಿದ್ದರೆಂಬುದನ್ನು ಗಮನಿಸಬೇಕು. ಕೂಲಿಯದು ಒಂದು, ಕೆಲಸದ್ದು ಮತ್ತೊಂದು. ಅವರ ದೋಷವೆಂದರೆ ಎರಡರ ಹೊರೆಯನ್ನೂ ರೋಗಿಯ ತಲೆಯ ಮೇಲೆಯೇ ಇರಿಸಿದುದು.

ನಮ್ಮ ಕಾಲದ ಕಾಯಿದೆಗಳು ಕೂಲಿಯ ಹೊರೆಯನ್ನು ರೋಗಿಯ ತಲೆಯಿಂದ ಇಳಿಸಿದವು. 1948ರ ಕಾಯಿದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮಾ ಯೋಜನೆಯಲ್ಲಿ ಕಾಯಿಲೆ ಬಿದ್ದ ಕಾರ್ಮಿಕನಿಗೆ ವರ್ಷಕ್ಕೆ 91 ದಿವಸಗಳವರೆಗೆ ಕೂಲಿಯ ನೂರಕ್ಕೆ 70 ಪಾಲು ದೊರೆಯುತ್ತದೆ. ಆ ನಿಧಿಗೆ ಧಣಿಯೂ ಕೆಲಸಗಾರರೂ ಸೇರಿ ಹಣ ತೆರುತ್ತಾರೆ. ಅಂಗಡಿ, ವಾಣಿಜ್ಯ ಸಂಸ್ಥೆಗಳ ನೌಕರರಿಗೆ ಕರ್ನಾಟಕದ 1961ರ ಕಾಯಿದೆಯು ವರ್ಷಕ್ಕೆ 12 ದಿವಸಗಳ ಕಾಯಿಲೆ ರಜೆಯನ್ನು ಸಂಬಳಸಹಿತ ಕೊಟ್ಟಿತು. ಸರಕಾರಿ ನೌಕರನಿಗೆ ವರ್ಷಕ್ಕೆ 20 ದಿವಸಗಳ ಅರ್ಧವೇತನದ ರಜೆಯುಂಟು. ಇವೆಲ್ಲ ಮೆಚ್ಚತಕ್ಕವು. ಆದರೆ ಸಂಬಳದ ಲೆಕ್ಕವನ್ನು ಹೀಗೆ ಚೊಕ್ಕಟವಾಗಿ ಬರೆದಿಟ್ಟವರು ಕೆಲಸದ ಲೆಕ್ಕವನ್ನು ಬರೆಯಲಿಲ್ಲ. ರೋಗಿಯ ಸಂಬಳವನ್ನು ಎಲ್ಲರೂ ಹಂಚಿಕೊಂಡು ಹೊರುತ್ತಾರೆ; ಅವನ ಕೆಲಸವು ಮಾತ್ರ ಪಕ್ಕದ ಮೇಜಿನವನ ಮೇಲೆ ಬೀಳುತ್ತದೆ. ಬೇಸರದ ಮೂಲವು ಇಲ್ಲಿದೆಯೆಂಬುದೇ ನನ್ನ ಪಕ್ಷ.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: ‘ನಾನು ಹತ್ತು ವರ್ಷದಿಂದ ಒಂದು ದಿನವೂ ಕಾಯಿಲೆ ರಜೆ ಹಾಕಿಲ್ಲ, ಅವನು ವರ್ಷವರ್ಷವೂ ಇದ್ದುದನ್ನೆಲ್ಲ ಮುಗಿಸುತ್ತಾನೆ. ಇಬ್ಬರಿಗೂ ಸಂಬಳ ಒಂದೇ. ಇದು ಯಾವ ನ್ಯಾಯ?’ ಮೇಲುನೋಟಕ್ಕೆ ಮಾತು ಸರಿಯಾಗಿಯೇ ತೋರುತ್ತದೆ. ಆದರೆ ಕಾಯಿಲೆಯ ರಜೆಯು ಎಲ್ಲರಿಗೂ ಸಮನಾಗಿ ಹಂಚತಕ್ಕ ಹಬ್ಬದ ಸಿಹಿಯಲ್ಲ; ಅದು ಕೊಡೆಯಂತೆ. ಮಳೆಗೆ ಸಿಕ್ಕದೆ ಮನೆ ಸೇರಿದವನು ತನ್ನ ಕೊಡೆ ಬಿಚ್ಚಲಿಲ್ಲವೆಂದು ನಷ್ಟ ಹೇಳಿಕೊಳ್ಳುವುದುಂಟೆ? ರಜೆ ಬೇಕಾಗದೆ ಹೋದುದೇ ಅವನ ಪಾಲಿನ ಲಾಭ. ಇನ್ನು, ಜ್ವರವಿದ್ದರೂ ಬಂದೇ ಬರುತ್ತೇನೆಂಬ ಹೆಮ್ಮೆಯವರ ಮಾತು. 2020ರಲ್ಲಿ ಸಾಂಕ್ರಾಮಿಕವು ಮನೆಮನೆಯನ್ನೂ ಹೊಕ್ಕಾಗ ಆ ಹೆಮ್ಮೆಯ ಬೆಲೆಯೇನೆಂಬುದನ್ನು ಎಲ್ಲರೂ ಕಂಡೆವು. ಪೂರ್ವಪಕ್ಷದಲ್ಲಿ ಉಳಿಯುವ ಸತ್ಯಾಂಶ ಇಷ್ಟೆ: ಅವನಿಗೆ ರಜೆ ತಪ್ಪಿದ್ದರಿಂದ ಅನ್ಯಾಯವಾಗಿಲ್ಲ, ಪರರ ಕೆಲಸವು ಕೇಳದೆ ಹೇಳದೆ ಅವನ ಮೇಲೆ ಬಿದ್ದುದರಿಂದ ಆಗಿದೆ.

‘ಸುಳ್ಳುಕಾಯಿಲೆಯವರ ಗತಿಯೇನು?’ ಎಂಬ ಪ್ರಶ್ನೆಯು ಇನ್ನೂ ಇದ್ದೇ ಇದೆ. ಇದಕ್ಕೆ ಉತ್ತರವಾಗಿ ನನ್ನ ತಪ್ಪನ್ನೇ ನಿವೇದಿಸುತ್ತೇನೆ. 1998ರ ಸುಮಾರಿನಲ್ಲಿ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಪ್ರಭಾರವು ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಒಬ್ಬ ಉಪಾಧ್ಯಾಯರಿದ್ದರು. ಅವರ ಕಾಯಿಲೆಯು ಬಹುತೇಕ ಸೋಮವಾರವೇ ಬರುತ್ತಿತ್ತು, ವೈದ್ಯರ ಸರ್ಟಿಫಿಕೇಟೂ ಜೊತೆಗಿರುತ್ತಿತ್ತು. ಅವರ ತರಗತಿಗಳನ್ನು ನಾವು ಹಂಚಿಕೊಂಡು ಬಿಡುವಿಲ್ಲದೆ ದುಡಿದೆವು. ನಾನಾದರೋ ಅವರನ್ನು ಒಂದು ಮಾತೂ ಕೇಳಲಾರದೆ ಸಿಟ್ಟನ್ನು ಕೂಡಿಟ್ಟುಕೊಂಡಿದ್ದೆ. ಹೀಗಿರಲಾಗಿ ಒಂದು ಸೋಮವಾರ ಬೆಳಿಗ್ಗೆ, ಎಂದೂ ರಜೆ ಕೇಳದಿದ್ದ ಒಬ್ಬ ಉಪಾಧ್ಯಾಯಿನಿಯು ಚೀಟಿ ಹಿಡಿದು ಬಂದರು. ‘ನಿಮಗೂ ಬಂತೇ ಅಮ್ಮಾ, ಈ ಸೋಮವಾರದ ಜ್ವರ?’ ಎಂದುಬಿಟ್ಟೆ. ಕೋಣೆಯಲ್ಲಿದ್ದ ಇಬ್ಬರು ನಕ್ಕರು. ಆಕೆ ಚೀಟಿಯನ್ನು ಮಡಿಸಿಕೊಂಡು, ‘ಪರವಾಗಿಲ್ಲ ಸಾರ್, ತರಗತಿಗೆ ಹೋಗುತ್ತೇನೆ’ ಎಂದು ಹೊರಟುಹೋದರು. ಆ ವಾರವೆಲ್ಲ ಬಂದರು. ಅವರ ಕಣ್ಣು ಹಳದಿಗಟ್ಟಿದುದನ್ನು ಮೊದಲು ಕಂಡವರು ಮಕ್ಕಳು. ಕಾಮಾಲೆಯು ಬಲಿತಿತ್ತು; ಒಂದೂವರೆ ತಿಂಗಳು ಹಾಸಿಗೆ ಹಿಡಿದರು. ನಾನು ಮನೆಗೆ ಹೋಗಿ ಕ್ಷಮೆ ಬೇಡಿದೆ. ಆಕೆ ಅದಕ್ಕೆ ಏನನ್ನೂ ಹೇಳದೆ, ‘ಎಂಟನೆಯ ತರಗತಿಯ ಪಾಠ ಯಾರು ಮಾಡುತ್ತಿದ್ದಾರೆ ಸಾರ್?’ ಎಂದು ಕೇಳಿದರು.

ಸ್ಥಾಲೀಪುಲಾಕ ನ್ಯಾಯವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನು ನಾನು. ಪಾತ್ರೆಯ ಒಂದು ಅಗುಳನ್ನು ಹಿಚುಕಿ ನೋಡಿದರೆ ಎಲ್ಲ ಅನ್ನವೂ ಬೆಂದಿದೆಯೆ ಎಂಬುದು ತಿಳಿಯುತ್ತದೆ. ಆದರೆ ಈ ನ್ಯಾಯವು ಒಂದೇ ಬೆಂಕಿಯಲ್ಲಿ ಬೆಂದ ಅಕ್ಕಿಗೆ ಸಲ್ಲುವುದೇ ಹೊರತು ಮನುಷ್ಯರಿಗೆ ಸಲ್ಲದು. ನಾನು ಒಬ್ಬರಿಂದ ಬರಬೇಕಾದ ಬಾಕಿಯನ್ನು ಮತ್ತೊಬ್ಬರಿಂದ ವಸೂಲು ಮಾಡಿದೆ. ಸೋಮವಾರದ ಉಪಾಧ್ಯಾಯರ ಕಾಯಿಲೆ ನಿಜವೋ ಸುಳ್ಳೋ, ಅದನ್ನು ಕೋಣೆಯ ಬಾಗಿಲು ಮುಚ್ಚಿ ಅವರನ್ನೇ ಕೇಳುವುದು ನನ್ನ ಕರ್ತವ್ಯವಾಗಿತ್ತು. ಆ ಕಷ್ಟದ ಮಾತನ್ನು ಆಡಲಾರದ ನನ್ನ ಹೇಡಿತನವು ನಿರಪರಾಧಿಯ ಮೇಲೆ ಕುಹಕವಾಗಿ ಬಿದ್ದಿತು. ಸಂಶಯವನ್ನು ಎಲ್ಲರ ಮೇಲೂ ಹರಡಿದರೆ ಠಕ್ಕನಿಗೆ ನಾಟುವುದಿಲ್ಲ, ಅವನ ಚರ್ಮ ದಪ್ಪ, ನಾಟುವುದು ಮಾನವಂತನಿಗೆ.

ಹಾಗಾದರೆ ಮಾಡತಕ್ಕದ್ದೇನು? ರೋಗಿಯಾದವನು ಸಾಧ್ಯವಾದಷ್ಟು ಬೇಗ ತಿಳಿಸಿ, ಕೆಲಸವು ಎಲ್ಲಿಗೆ ನಿಂತಿದೆಯೆಂಬುದನ್ನು ಹೇಳಿ ಮಲಗಲಿ; ಅದಕ್ಕಿಂತ ಹೆಚ್ಚನ್ನು ಅವನಿಂದ ಬಯಸಬಾರದು. ಜೊತೆಯವನು ಬೇಸರವನ್ನು ಹಾಸಿಗೆಯತ್ತ ತಿರುಗಿಸದೆ ಮೇಲಧಿಕಾರಿಯತ್ತ ತಿರುಗಿಸಲಿ. ಅಲ್ಲಿ ಅದು ನ್ಯಾಯವಾದ ದೂರು. ಉಳಿದ ಹೊಣೆಯೆಲ್ಲ ಸಂಸ್ಥೆಯದು. ಮನುಷ್ಯರನ್ನು ಕೆಲಸಕ್ಕೆ ಇಟ್ಟುಕೊಂಡವರು ಮನುಷ್ಯದೇಹಕ್ಕೆ ಕಾಯಿಲೆ ಬರುವುದೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ಜನರ ಕೆಲಸಕ್ಕೆ ಎಂಟೇ ಜನರನ್ನಿಟ್ಟು, ಒಬ್ಬನು ಮಲಗಿದಾಗ ಉಳಿದ ಏಳು ಮಂದಿ ಅವನನ್ನು ಶಪಿಸುವಂತೆ ಬಿಡುವುದು ಮಿತವ್ಯಯವೆನಿಸದು. ಅದು ನೌಕರರ ಸೌಹಾರ್ದವನ್ನು ಕದ್ದು ಉಳಿಸಿದ ಹಣ.

ಆ ಉಪಾಧ್ಯಾಯಿನಿಯು ಮರಳಿ ಬರುವುದರೊಳಗಾಗಿ ನಾನು ಒಂದು ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿದೆ: ಯಾರು ಬಾರದಿದ್ದರೆ ಯಾವ ಅವಧಿಗೆ ಯಾರು ಹೋಗಬೇಕು, ಹೋದವರಿಗೆ ಆ ವಾರ ಯಾವ ಕೆಲಸದಿಂದ ಬಿಡುವು, ಎಂದು. ಗೊಣಗಾಟವು ಪೂರ್ತಿ ನಿಲ್ಲಲಿಲ್ಲ. ಆದರೆ ಕಾಯಿಲೆ ಬಿದ್ದವರ ಹೆಸರನ್ನು ಎತ್ತಿ ಆಡುವುದು ನಿಂತಿತು. ಪಟ್ಟಿಯ ಎಂಟನೆಯ ತರಗತಿಯ ಸಾಲಿನಲ್ಲಿ ಮೊದಲ ಹೆಸರು ನನ್ನದಾಗಿತ್ತು.