ಹೊಗೆಯ ಲೆಕ್ಕ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಸೂಕ್ಷ್ಮ ಕಣಗಳಿಂದ ಗಾಳಿ ಕೆಡುವುದೆಂದು ‘ಸ್ಪೇರ್ ದಿ ಏರ್’ ಎಚ್ಚರಿಕೆ ಹೊರಟ ದಿನ, ಕೆಲವು ವಿನಾಯಿತಿ ಬಿಟ್ಟರೆ, ಮನೆಯಲ್ಲಿ ಕಟ್ಟಿಗೆ ಉರಿಸುವಂತಿಲ್ಲ. 2008ರಲ್ಲಿ ಚಳಿಗಾಲಕ್ಕೆಂದು ಬಂದ ಈ ಕಟ್ಟಳೆ 2019ರಿಂದ ವರ್ಷವಿಡೀ ಜಾರಿಯಲ್ಲಿದೆ. ಗಾಳಿಯಾಡದ ಚಳಿರಾತ್ರಿಯಲ್ಲಿ ಹೊಗೆ ಮೇಲೇರುವುದಿಲ್ಲ. ಬೀದಿಯಲ್ಲೇ ಹರಡಿ ಪಕ್ಕದ ಮನೆ ಹೊಗುತ್ತದೆ. ನಮ್ಮ ಮನೆಯ ಬೆಂಕಿ ನಮ್ಮೊಬ್ಬರದೇ ಅಲ್ಲ ಎಂಬುದನ್ನು ಇಲ್ಲಿನ ಕಾನೂನು ಒಪ್ಪಿದೆ.

ಬೆಂಕಿ ದೂರವಾದಷ್ಟೂ ಆ ಅರಿವು ಮಸುಕಾಗುತ್ತದೆ. ಕಟ್ಟಿಗೆ ಪೆಲೆಟ್‌ಗಳ ರಫ್ತಿನಲ್ಲಿ ಅಮೆರಿಕವೇ ಜಗತ್ತಿಗೆ ಮುಂದು. ಅದರ ಆಗ್ನೇಯ ರಾಜ್ಯಗಳ ಮರ ಪುಡಿಯಾಗಿ, ಒಣಗಿ, ಗುಳಿಗೆಗಳಾಗಿ, ಹಡಗೇರಿ ಇಂಗ್ಲೆಂಡಿನ ಡ್ರಾಕ್ಸ್ ವಿದ್ಯುತ್ ಸ್ಥಾವರ ತಲುಪುತ್ತದೆ. ಹಿಂದೆ ಕಲ್ಲಿದ್ದಲು ಸುಡುತ್ತಿದ್ದ ಒಲೆ ಅದು. ಸುಟ್ಟ ದೇಶದ ಇಂಧನ ಖಾತೆಯಲ್ಲಿ, ಆ ಮರ ಉರಿದು ಹೊಮ್ಮಿದ ಇಂಗಾಲ ಸೊನ್ನೆ. ಅಂತರರಾಷ್ಟ್ರೀಯ ನಿಯಮದಂತೆ ಅದನ್ನು ಮರ ಕಡಿದ ದೇಶದ ಭೂಬಳಕೆ ಖಾತೆಗೆ ಬರೆಯುತ್ತಾರೆ. ಮರ ಮತ್ತೆ ಬೆಳೆಯುತ್ತದಲ್ಲ ಎಂಬ ಸಮಾಧಾನವೂ ಜೊತೆಗಿದೆ. ಬೆಳೆಯುತ್ತದೆ, ನಿಜ. ಆದರೆ ಗಳಿಗೆಯಲ್ಲಿ ಉರಿದದ್ದು ಮರಳಿ ಮರವಾಗಲು ಹತ್ತಾರು ವರ್ಷ ಬೇಕು. ಅಲ್ಲಿಯವರೆಗೆ ಅದು ಮುಂದಿನವರ ಹೆಸರಿನಲ್ಲಿ ನಾವು ಎತ್ತಿದ ಸಾಲ.

ಯಾವ ಖಾತೆಗೂ ಸೇರದ ಹೊಗೆ ಇನ್ನೊಂದಿದೆ. ಮುಂದೆ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾದ ಕಿರ್ಕ್ ಸ್ಮಿತ್ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಿಗೆ ಹೋದರು. ಊರಿನ ಗಾಳಿಯನ್ನು ಅಳೆದು ಸುಮ್ಮನಾಗಲಿಲ್ಲ. ಅಡುಗೆ ಮಾಡುವ ಹೆಂಗಸರ ಮೈಮೇಲೇ ಮಾಪಕ ಕಟ್ಟಿ, ಒಲೆಯ ಮುಂದೆ ಅವರ ಉಸಿರಿಗೆ ಎಷ್ಟು ಹೊಗೆ ಸಿಗುತ್ತದೆಂದು ಅಳೆದರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ನಮ್ಮ ಕರ್ನಾಟಕದಲ್ಲೂ ಹೀಗೆ ಹತ್ತಿರದಿಂದ ನೋಡಿದವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳ ತಂತ್ರಜ್ಞಾನಕ್ಕೆಂದು ಕಟ್ಟಿದ ‘ಅಸ್ತ್ರ’ ಕೇಂದ್ರ, ಕುಣಿಗಲ್ ತಾಲೂಕಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಸಮೀಕ್ಷೆ ಮಾಡುವಾಗ ಉರಿದ ಸೌದೆಯ ತೂಕಕ್ಕೇ ನಿಲ್ಲಲಿಲ್ಲ. ಸೌದೆ ಹೆಕ್ಕಿ, ಹೊತ್ತು ತರುವವರ ದುಡಿಮೆಯ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಿತು. ಆ ಕೇಂದ್ರದಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲಿ ಒಂದೇ ಉರಿಗೆ ಮೂರು ಪಾತ್ರೆ ಕಾಯುತ್ತಿದ್ದವು, ಹೊಗೆ ಕೊಳವೆಯಿಂದ ಹೊರಹೋಗುತ್ತಿತ್ತು.

ಉರುವಲನ್ನೇ ಬೈದು ಪ್ರಯೋಜನವಿಲ್ಲ. ಒಲೆಗೆ ಬಾರದ ಕಟ್ಟಿಗೆ ಕಾಡಿನಲ್ಲೇ ಹೊತ್ತಿದರೂ ಹೊಗೆಯೇ. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ‘ಕ್ಯಾಂಪ್’ ಎಂಬ ಹೆಸರಿನ ಕಾಳ್ಗಿಚ್ಚಿನ ಹೊಗೆ ದಿನಗಟ್ಟಲೆ ಬೇ ಏರಿಯಾವನ್ನು ಕವಿದಿತ್ತು. ಒಣಗಿದ ಪೊದೆ, ಸತ್ತ ಮರಗಳನ್ನು ಕಾಡಿನಿಂದ ತೆಗೆಯಲೇಬೇಕಾದ ಕಡೆ ಅವನ್ನು ರಾಶಿಹಾಕಿ ಸುಡುವ ಬದಲು ಇಂಧನ ಮಾಡುವುದರಲ್ಲಿ ಅರ್ಥವಿದೆ. ಆದರೆ ತೆಗೆಯಬೇಕಾದ್ದನ್ನು ಬಳಸುವುದು ಬೇರೆ, ಬಳಸಲೆಂದೇ ಕಡಿಯುವುದು ಬೇರೆ. ಎರಡನ್ನೂ ಹಸಿರು ಎಂದು ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

ಟನ್ನುಗಳ ಲೆಕ್ಕ ದೇಶಗಳಿಗೆ ಸಾಕಾಗಬಹುದು. ಧರ್ಮದ ಲೆಕ್ಕಕ್ಕೆ ಸಾಲದು. ಶಾಖ ಒಬ್ಬರಿಗೆ, ಹೊಗೆ ಇನ್ನೊಬ್ಬರಿಗೆ ಆಗುವ ಬೆಂಕಿ ಯಾವ ಮರದ್ದಾದರೂ ಶುದ್ಧವಲ್ಲ. ನೆರೆಮನೆಯವರ ಉಸಿರಿಗೆ ಕಾನೂನು ಕೊಟ್ಟ ಬೆಲೆಯನ್ನು ಕಾಣದ ಊರಿನ ಉಸಿರಿಗೂ, ಹುಟ್ಟದ ಮಕ್ಕಳ ಉಸಿರಿಗೂ ಕೊಡುವುದು ನಮ್ಮ ಹೊಣೆ.