ದಲ್ಲಾಳಿಯ ಸತ್ಯ

ಸಂತೆಮರಹಳ್ಳಿಯ ಹೆಸರಿನಲ್ಲಿಯೇ ಸಂತೆಯುಂಟು. ದನಗಳ ಸಂತೆಯಲ್ಲಿ ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವುದು ಹಳೆಯ ಸಂಪ್ರದಾಯ. ಅಲ್ಲಿ ಬೆಲೆಯು ಗುಪ್ತ, ದಲ್ಲಾಳಿಯು ಪ್ರಕಟ. ಅವನು ಕೂಲಿಗಾಗಿ ನುಡಿಯುತ್ತಿರುವನೆಂಬುದನ್ನು ಕೊಳ್ಳುವವನು ಬಲ್ಲನು.

ಅಂತರ್ಜಾಲದ ಸಂತೆಯಲ್ಲಾದರೋ ಈ ಕ್ರಮವು ತಿರುಗುಮುರುಗಾಗಿದೆ. ಬೆಲೆಯು ಪ್ರಕಟ, ದಲ್ಲಾಳಿಯು ಗುಪ್ತ. ಒಬ್ಬನು ಒಂದು ವಸ್ತುವನ್ನು ಹೊಗಳಿ ಅಂಗಡಿಯ ಕೊಂಡಿಯನ್ನು ಕೊಡುವನು. ಅದರ ಮೂಲಕ ಹೋದವರು ಕೊಂಡರೆ ಅವನಿಗೆ ದಲಾಲಿ ಸಲ್ಲುವುದು. ಅಮೆಜಾನ್ ಸಂಸ್ಥೆಯು 1996ರಲ್ಲಿಯೇ ಕೈಗೊಂಡ ಈ ಪದ್ಧತಿಯನ್ನು ನೆಚ್ಚಿ, ಮನೆಯಲ್ಲಿ ಕುಳಿತೇ ಸಂಪಾದಿಸುವ ಆಸೆಯಿಂದ ಅನೇಕ ತರುಣರು ಇದರಲ್ಲಿ ತೊಡಗುವರು. ಸಂಪಾದನೆಯು ಸುಲಭವಲ್ಲ. ಆ ಸಂಸ್ಥೆಯಲ್ಲಿ ಕೊಂಡಿಯ ಫಲವು ಸಾಮಾನ್ಯವಾಗಿ 24 ಗಂಟೆಗಳಷ್ಟೇ; ಹಿಂದಿರುಗಿಸಿದ ವಸ್ತುವಿಗೆ ದಲಾಲಿಯಿಲ್ಲ.

ಇದಕ್ಕಿಂತ ದೊಡ್ಡ ಸಂಕಟವೊಂದುಂಟು. ವೈದ್ಯನು ‘ಔಷಧ ಬೇಡ’ವೆಂದರೂ ಅವನ ಸಂಭಾವನೆಗೆ ಲೋಪವಿಲ್ಲ. ಇಲ್ಲಿಯಾದರೋ ‘ಕೊಳ್ಳಬೇಡಿ’ ಎಂಬ ಸತ್ಯಕ್ಕೆ ಕಾಸಿನ ಕೂಲಿಯೂ ಇಲ್ಲ. ಅಂದಿನ ಅನ್ನಕ್ಕೆ ಇದನ್ನೇ ನಂಬಿದವನ ನಾಲಗೆಯು ಹೊಗಳಿಕೆಯ ಕಡೆಗೆ ವಾಲುವುದು ಸಹಜ.

ಇಂತಹ ಹಣದ ಸಂಬಂಧವನ್ನು ಓದುಗರಿಗೆ ತಿಳಿಸಬೇಕೆಂದು ಭಾರತ ಸರ್ಕಾರದ 2022ರ ಜಾಹೀರಾತು ನಿಯಮಗಳು ವಿಧಿಸಿವೆ. ನಿಯಮವು ವಸ್ತ್ರದ ಮರೆಯನ್ನು ತೆಗೆಯಬಲ್ಲುದು. ತಕ್ಕಡಿಯ ವಾಲನ್ನು ತಿದ್ದಲಾರದು.

ಹಾಗಾದರೆ ಈ ವೃತ್ತಿಯು ಅಧರ್ಮವೆ? ಅಲ್ಲ. ಕೊಳ್ಳುವವನಿಗಾಗಿ ಹುಡುಕಿ, ಪರೀಕ್ಷಿಸಿ ಹೇಳುವುದು ಶ್ರಮವೇ. ಶ್ರಮಕ್ಕೆ ಫಲವು ನ್ಯಾಯ್ಯ. ಆದರೆ ಓದುಗರ ನಂಬಿಕೆಯೇ ಈ ವ್ಯಾಪಾರದ ಮೂಲಧನ. ಒಂದು ದಿನದ ದಲಾಲಿಗಾಗಿ ಅದನ್ನು ವ್ಯಯಿಸಿದವನು ಬಿತ್ತನೆಯ ಬೀಜವನ್ನೇ ಉಂಡ ಒಕ್ಕಲಿಗನಂತೆ. ‘ಬೇಡ’ವೆಂದು ನುಡಿದು ದಲಾಲಿಯನ್ನು ಕಳೆದುಕೊಳ್ಳಬಲ್ಲವನಿಗೆ ಮಾತ್ರವೇ ‘ಕೊಳ್ಳಿರಿ’ ಎನ್ನುವ ಅಧಿಕಾರವುಂಟು.