ವೇಗದ ಹಿಡಿ ಯಾರ ಕೈಯಲ್ಲಿ?

ಕಲಬುರಗಿಯಿಂದ ರಾತ್ರಿ ರೈಲು ಹತ್ತಿ ಮುಂಬೈಗೆ ಹೋಗಿಬರುವ ವ್ಯಾಪಾರಿಗಳಿಗೆ ಮರೀನ್ ಡ್ರೈವ್ ಹೊಸದೇನಲ್ಲ. 2017ರ ಮಾರ್ಚ್‌ನಲ್ಲಿ ಅದರೆದುರಿನ ಸಮುದ್ರದಲ್ಲೇ ಪವರ್‌ಬೋಟ್ ರೇಸ್ ನಡೆಯಿತು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಕೂಡ ಅದರಲ್ಲಿ ದೋಣಿ ಏರಿದ್ದರು. 2015ರಲ್ಲಿ ಬೈಕ್ ಏರಿ ಮರುಭೂಮಿಯ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ ಅವರು. ಕೋಲಾರದ ಬಳಿ ಬೈಕ್ ತರಬೇತಿಯ ಮೈದಾನ ಕಟ್ಟಿದ ಉದ್ಯಮಿಯೂ ಹೌದು. ಮರುಭೂಮಿಯಲ್ಲಿ ಒಬ್ಬರೇ ಓಡಿದವರಿಗೆ ಇಲ್ಲಿ ಪಕ್ಕದಲ್ಲೊಬ್ಬ ಜೊತೆಗಾರ. ಈ ಆಟದಲ್ಲಿ ನನ್ನ ಮನಸ್ಸು ಹಿಡಿದದ್ದು ಆ ಎರಡನೆಯ ಆಸನ.

ಉದ್ಯಮಿಗಳಿಗೂ ಈ ಸ್ಪರ್ಧೆಗೂ ಹಳೆಯ ನಂಟು. ಡಾನ್ ಅರೊನೊ ನ್ಯೂಜೆರ್ಸಿಯಲ್ಲಿ ಕಟ್ಟಡ ಕಟ್ಟಿ ಹಣ ಗಳಿಸಿ ಮಯಾಮಿಗೆ ಬಂದವರು. 1962ರಲ್ಲಿ ರೇಸಿಗಿಳಿದರು, ದೋಣಿ ತಯಾರಿಸುವ ಕಂಪನಿಗಳನ್ನು ಒಂದರ ಹಿಂದೊಂದು ತೆರೆದರು, 1967 ಮತ್ತು 1969ರಲ್ಲಿ ವಿಶ್ವ ಚಾಂಪಿಯನ್ ಆದರು. ತಾವು ಮಾರುವ ಸರಕನ್ನು ತಾವೇ ಅಲೆಗೊಡ್ಡಿ ನೋಡಿದ ಆ ನಿಷ್ಠೆ ದೊಡ್ಡದು.

ಇನ್ನು ಆ ಎರಡನೆಯ ಆಸನದ ಮಾತು. ಸಮುದ್ರದ ದೊಡ್ಡ ರೇಸುಗಳಲ್ಲಿ ಸಾಮಾನ್ಯವಾಗಿ ಸ್ಟೀರಿಂಗ್ ಒಬ್ಬರ ಕೈಯಲ್ಲಿ, ವೇಗ ಏರಿಳಿಸುವ ಥ್ರಾಟಲ್ ಇನ್ನೊಬ್ಬರ ಕೈಯಲ್ಲಿ. ಅಲೆಯ ನೆತ್ತಿಯಿಂದ ದೋಣಿ ಹಾರಿದೊಡನೆ ಪ್ರೊಪೆಲ್ಲರ್ ನೀರು ಬಿಟ್ಟು ಮೇಲೇಳುತ್ತದೆ. ನೀರಿನ ತಡೆ ತಪ್ಪಿದ ಎಂಜಿನ್ ಹುಚ್ಚೆದ್ದು ತಿರುಗುತ್ತದೆ. ಹಾಗೇ ಬಿಟ್ಟರೆ ಕೆಟ್ಟು ಕೂರುತ್ತದೆ. ಥ್ರಾಟಲ್ ಹಿಡಿದವರು ಆ ಕ್ಷಣಕ್ಕೆ ಸರಿಯಾಗಿ ವೇಗ ಇಳಿಸಬೇಕು, ದೋಣಿ ನೀರು ಮುಟ್ಟುವಾಗ ಮತ್ತೆ ಏರಿಸಬೇಕು. ದೋಣಿ ಕೊಂಡ ಮಾಲೀಕರೇ ಸ್ಟೀರಿಂಗ್ ಹಿಡಿದಿದ್ದರೂ ಆ ಹೊತ್ತಿಗೆ ಪಕ್ಕದವರ ಸಂಯಮವೇ ಗತಿ. ಇಷ್ಟಾದರೂ ಸಮುದ್ರ ಒಮ್ಮೊಮ್ಮೆ ಯಾರ ಮಾತನ್ನೂ ಕೇಳುವುದಿಲ್ಲ. 1989ರ ವಿಶ್ವ ಚಾಂಪಿಯನ್, ಇಟಲಿಯ ಉದ್ಯಮಿ ಸ್ಟೆಫಾನೊ ಕಸಿರಾಗಿ, ಮರುವರ್ಷ ಮೊನಾಕೊ ಬಳಿ ದೋಣಿ ಮಗುಚಿ ತೀರಿಕೊಂಡಾಗ ಅವರಿಗಿನ್ನೂ 30 ವರ್ಷ.

ವ್ಯಾಪಾರದಲ್ಲೂ ಇಂಥದೊಂದು ಎರಡನೆಯ ಆಸನವಿದೆ. ನಮ್ಮ ಕಡೆ ತೊಗರಿಗೆ ಒಳ್ಳೆಯ ದರ ಬಂದ ವರ್ಷ ದಾಲ್ ಮಿಲ್ ಮಾಲೀಕರಿಗೆ ಇನ್ನೊಂದು ಮಿಲ್ ಹಾಕುವ ಆಸೆ ಹುಟ್ಟುವುದು ಸಹಜ. ಸಾಲ ಕೊಡುವವರೂ ಸಿಗುತ್ತಾರೆ. ಆಗ ಮನೆಯಲ್ಲಿ ಲೆಕ್ಕ ಬರೆಯುವ ಹೆಂಡತಿ “ಈ ವರ್ಷ ಬ್ಯಾಡ್ರಿ, ಹಳೇ ಬಾಕಿ ಮೊದಲು ಮುಟ್ಟಲಿ” ಎಂದರೆ ನಾವು ಅದಕ್ಕೆ ಅಂಜಿಕೆ ಎಂದು ಹೆಸರಿಡುತ್ತೇವೆ. ದಿನಾ ಬಾಕಿ ಪಟ್ಟಿ ನೋಡುವವರು ಅವರು. ಯಾವ ಅಂಗಡಿಯಿಂದ ಹಣ ಬರುವುದು ತಡವಾಗುತ್ತಿದೆ ಎಂಬುದು ಅವರ ಕಣ್ಣಿಗೇ ಮೊದಲು ಬೀಳುತ್ತದೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಒಂದು ಸಂಜೆ ಅವರ ಜೊತೆ ಕೂತು ಆ ಲೆಕ್ಕದ ಪುಸ್ತಕ ತಿರುವಿಹಾಕಿದರೆ, ಹೊಸ ಮಿಲ್ಲಿಗೆ ಯಾವ ಸುಗ್ಗಿಯವರೆಗೆ ಕಾಯಬೇಕೆಂಬುದನ್ನೂ ಅವರೇ ಹೇಳಿಯಾರು.